ಕಲಾವಿದನ ನೆಲೆ: ಗಗನಚುಂಬಿ ಕಟ್ಟಡವೂ ಮಣಿಪಾಲದ ಮನೆಗಳೂ

ಕಟ್ಟಡವೊಂದರಲ್ಲಿ ಕಲಾವಿದರಿಗೆ ಕೆಲವು ತಿಂಗಳ ಮಟ್ಟಿಗೆ ಸ್ಥಳಾವಕಾಶ ನೀಡಿ ಕೃತಿರಚನೆಗೆ ಅನುವು ಮಾಡಿಕೊಡುವ ಕ್ರಮವನ್ನು ‘ವಾಸ್ತವ್ಯ’ವೆಂದು ಕರೆಯಬಹುದು. ನ್ಯೂಯಾರ್ಕಿನ ಲೋವರ್ ಮ್ಯಾನ್‌ಹಟನ್ ಕಲ್ಚರಲ್ ಕೌನ್ಸಿಲ್ ವಿಶ್ವ ವ್ಯಾಪಾರ ಕೇಂದ್ರದ ಉತ್ತರ ಗೋಪುರದ 91 ಮತ್ತು 92ನೆಯ ಅಂತಸ್ತುಗಳಲ್ಲಿ ತೆರವಾಗಿದ್ದ ಕಚೇರಿ ಜಾಗವನ್ನು ಕಲಾವಿದರಿಗೆ ಒದಗಿಸಿತ್ತು. ಗೋಪುರ ನಾಶವಾದ ಬಳಿಕ 1913ರ ವುಲ್‌ವರ್ತ್ ಕಟ್ಟಡದಲ್ಲಿಯೂ ಈ ಕಾರ್ಯ ನಡೆಯಿತು. ಇಂತಹ ನೆಲೆಯು ಕೃತಿಗೆ ಏನನ್ನು ಕೊಡುತ್ತದೆ ಎಂಬುದೇ ವಿಮರ್ಶೆಯ ಮುಂದಿರುವ ಪ್ರಶ್ನೆ.

ಶಿಲ್ಪಿ ಮೈಕೇಲ್ ರಿಚರ್ಡ್ಸ್ 2001ರ ಸೆಪ್ಟೆಂಬರ್ 11ರಂದು 92ನೆಯ ಅಂತಸ್ತಿನ ತಮ್ಮ ಕಾರ್ಯಾಗಾರದಲ್ಲಿದ್ದಾಗ ಮರಣ ಹೊಂದಿದರು. ಅವರ 1999ರ ಕೃತಿಯೊಂದರಲ್ಲಿ ವೈಮಾನಿಕನ ಉಡುಪಿನ ದೇಹವನ್ನು ಪುಟ್ಟ ವಿಮಾನಗಳು ಇರಿದಿವೆ. ಇದನ್ನು ಭವಿಷ್ಯಸೂಚನೆಯೆಂದು ಓದುವ ಆಕರ್ಷಣೆ ಸಹಜ. ಆದರೆ ಅದರ ವಸ್ತು ಎರಡನೆಯ ಮಹಾಯುದ್ಧದ ಟಸ್ಕೀಗಿ ಕಪ್ಪು ವೈಮಾನಿಕರು ಹಾಗೂ ಅವರು ಉಂಡ ವರ್ಣಭೇದದ ನೋವು. ಕಟ್ಟಡದ ಖ್ಯಾತಿಯಿಂದ ಕೃತಿಯನ್ನು ಅಳೆದಾಗ ಕಲಾವಿದನ ಆಶಯವೇ ಮರೆಯಾಗುತ್ತದೆ.

ಈ ಹಿನ್ನೆಲೆಯಲ್ಲಿ ನಮ್ಮ ಕರಾವಳಿಯತ್ತ ನೋಡಬಹುದು. ಇಲ್ಲಿ ಗಗನಚುಂಬಿ ಕಟ್ಟಡಗಳ ಇತಿಹಾಸವಿಲ್ಲ. ಕಲೆಗೂ ನೆಲೆಗೂ ಇರುವ ಸಂಬಂಧದ ಇತಿಹಾಸವಿದೆ. 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ ಗೊಮ್ಮಟ ಸುಮಾರು 42 ಅಡಿ ಎತ್ತರದ್ದು. ಐದು ಶತಮಾನಗಳ ತರುವಾಯ ರೆಂಜಾಳ ಗೋಪಾಲ ಶೆಣೈ ಅವರು ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಡೆದದ್ದು ಕಾರ್ಕಳದಲ್ಲಿಯೇ. ಆ ಮೂರ್ತಿ 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠಾಪನೆಗೊಂಡಿತು. ಕೃತಿ ಊರು ಬಿಟ್ಟು ಹೋದರೂ ಅದರ ಕಲ್ಲು ಈ ನೆಲದ್ದು. ಇಲ್ಲಿ ನೆಲೆ ಬರಿಯ ತಂಗುದಾಣವಲ್ಲ, ಕೃತಿಯ ದ್ರವ್ಯ.

ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಈ ಸಂಬಂಧ ತಿರುವುಮುರುವಾಗಿದೆ. ವಿಜಯನಾಥ ಶೆಣೈ (1934–2017) ಅವರು ಅಳಿವಿನ ಅಂಚಿನಲ್ಲಿದ್ದ ಮನೆಗಳನ್ನು ಬಿಚ್ಚಿ ತಂದು ಮರಳಿ ಕಟ್ಟಿಸಿದರು. ಕುಂಜೂರು ಚೌಕಿಮನೆ, ಹರ್ಕೂರು ಒಳಗಿನಮನೆ, ಕುಕನೂರಿನ ಕಮಲ ಮಹಲ್ ಹೀಗೆ ಉಳಿದುಕೊಂಡವು. ಊರನ್ನು ತೊರೆದು ಬಂದದ್ದು ಮನೆಯೇ, ಕೃತಿಯೂ ಮನೆಯೇ. ಅವರ ಸಾಧನೆ ಅಸಾಧಾರಣವಾದುದು. ಆದರೂ ಒಂದು ಮಾತನ್ನು ಹೇಳಲೇಬೇಕು. ಕಂಬ, ತೊಲೆ, ಮುಚ್ಚಿಗೆಗಳನ್ನು ಕೆಡದಂತೆ ಬಿಚ್ಚಿ ಮತ್ತೆ ಕೂಡಿಸಿದ ಅರಿವು ಬಡಗಿಗಳ ಕೈಯಲ್ಲಿತ್ತು. ಮನೆಯನ್ನು ಕಾಪಿಟ್ಟು ಈ ಅರಿವನ್ನು ಕೈಬಿಟ್ಟರೆ ಮುಂದೊಂದು ದಿನ ಹುಳು ಹಿಡಿದ ತೊಲೆಯನ್ನು ಬದಲಿಸುವವರೇ ಇಲ್ಲವಾಗುತ್ತಾರೆ.

ಆದುದರಿಂದ ವಾಸ್ತವ್ಯದ ಬೆಲೆಯನ್ನು ವಿಳಾಸದ ಹಿರಿಮೆಯಿಂದಾಗಲಿ ಕಿಟಕಿಯ ನೋಟದಿಂದಾಗಲಿ ಕಟ್ಟಲಾಗದು. ಬೇರೆಡೆ ದೊರಕದ ದ್ರವ್ಯವನ್ನೂ ಕಸುಬುದಾರರ ಒಡನಾಟವನ್ನೂ ಆ ನೆಲೆ ಒದಗಿಸುತ್ತದೆಯೇ ಎಂಬುದೇ ಒರೆಗಲ್ಲು. ಮಣಿಪಾಲದ ಮನೆಗಳಲ್ಲಿ ಯುವ ಶಿಲ್ಪಿಗಳೂ ಬಡಗಿಗಳೂ ವರ್ಷದ ಕೆಲವು ತಿಂಗಳು ಕೂಡಿ ದುಡಿಯುವಂತಾದರೆ ಆ ಮನೆಗಳು ಪ್ರದರ್ಶನದ ವಸ್ತುಗಳಾಗಿ ಮಾತ್ರ ಉಳಿಯದೆ ವಿದ್ಯೆಯ ನೆಲೆಗಳೂ ಆಗುತ್ತವೆ. ನ್ಯೂಯಾರ್ಕಿನ ಗೋಪುರಗಳು ಕಲಾವಿದರಿಗೆ ಎತ್ತರವನ್ನು ಕೊಟ್ಟವು. ಈ ಮನೆಗಳು ಕೊಡಬಲ್ಲುದು ಕೈಕಸುಬಿನ ಪಾಠವನ್ನು.