ನೆಲದ ಮೇಲಿರುವ ನೆಲಮಾಳಿಗೆ

ಫ್ಲಾರಿಡಾದ ಡಿಸ್ನಿ ಉದ್ಯಾನ ಮ್ಯಾಜಿಕ್ ಕಿಂಗ್‌ಡಮ್ ದ್ವೀಪವಲ್ಲ. ಆದರೂ ಅಲ್ಲಿಗೆ ಹೋಗುವ ಬಗೆ ಮಾತ್ರ ದ್ವೀಪಕ್ಕೆ ಹೋದ ಹಾಗೇ ಇರುತ್ತದೆ. ಸ್ವಂತ ಕಾರಿನಲ್ಲಿ ಬಂದವರು ಅದನ್ನು ಈಚೆ ದಡದಲ್ಲಿ ಬಿಟ್ಟು, ಫೆರಿಯಲ್ಲೋ ಮೋನೋರೈಲಿನಲ್ಲೋ ಸೆವೆನ್ ಸೀಸ್ ಲಗೂನ್ ದಾಟಿ ಆಚೆ ಇಳಿಯಬೇಕು. ಈ ಕೆರೆ ನಿಸರ್ಗದ್ದಲ್ಲ, ಜೌಗು ನೆಲವನ್ನು ಅಗೆದು ಮಾಡಿದ್ದು. ಅಗೆದಾಗ ಬಂದ ಸುಮಾರು 70 ಲಕ್ಷ ಘನ ಗಜ ಮಣ್ಣನ್ನು ಆಚೆ ದಡಕ್ಕೆ ಸಾಗಿಸಿದರು. ಸ್ವಲ್ಪ ತೋಡಿದರೂ ನೀರು ಜಿನುಗುವ ಆ ಸೀಮೆಯಲ್ಲಿ ಸುರಂಗ ಕೊರೆಯುವ ಮಾತೇ ಇರಲಿಲ್ಲ. ಹಾಗಾಗಿ ಎಂಜಿನಿಯರುಗಳು ಕೆಲಸವನ್ನು ತಲೆಕೆಳಗು ಮಾಡಿದರು. ಮೊದಲು ನೆಲಮಟ್ಟದಲ್ಲೇ ಕಾಂಕ್ರೀಟಿನ ಓಣಿಗಳನ್ನು ಕಟ್ಟಿದರು, ಸುತ್ತಲೂ ಮೇಲೂ ಕೆರೆಯ ಮಣ್ಣು ತುಂಬಿದರು, ಆಮೇಲೆ ಅದರ ನೆತ್ತಿಯ ಮೇಲೆ ಅರಮನೆ, ಅಂಗಡಿಬೀದಿ, ಕೌಬಾಯ್‌ಗಳ ಊರು ಎಲ್ಲವನ್ನೂ ಎಬ್ಬಿಸಿದರು. ಪ್ರವಾಸಿ ತಾನು ನಿಂತಿರುವುದು ನೆಲದ ಮೇಲೆ ಎಂದುಕೊಳ್ಳುತ್ತಾನೆ. ವಾಸ್ತವದಲ್ಲಿ ಅವನು ಹಳೆಯ ನೆಲಕ್ಕಿಂತ ಸುಮಾರು 14 ಅಡಿ ಎತ್ತರದಲ್ಲಿ, ಒಂದು ಕಟ್ಟಡದ ಮೊದಲ ಮಹಡಿಯಲ್ಲಿರುತ್ತಾನೆ. ಹತ್ತಿದ್ದು ಗೊತ್ತೇ ಆಗದ ಹಾಗೆ ದಾರಿಯ ಏರನ್ನು ಸವರಿದ್ದಾರೆ.

ಕೆಳಗಿನ ಈ ಓಣಿಗಳ ಹೆಸರು ಯುಟಿಲಿಡಾರ್. ಒಟ್ಟು ಹರವು ಸುಮಾರು 9 ಎಕರೆ. ಉದ್ಯಾನ ಬಾಗಿಲು ತೆರೆದ 1971ರ ಅಕ್ಟೋಬರ್ 1ರಿಂದ ಇಂದಿನವರೆಗೆ ಥೀಮ್ ಪಾರ್ಕುಗಳ ಲೋಕದಲ್ಲಿ ಇದಕ್ಕೆ ಪುರಾಣದ ಸ್ಥಾನ. ಪುರಾಣವೆಂದ ಮೇಲೆ ಒಂದು ಉಗಮಕಥೆಯೂ ಇರಬೇಕಲ್ಲ, ಇದೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಕೌಬಾಯ್ ವೇಷದ ಕೆಲಸಗಾರನೊಬ್ಬ ಭವಿಷ್ಯದ ಲೋಕವಾದ ಟುಮಾರೋಲ್ಯಾಂಡ್ ಹಾದು ತನ್ನ ಡ್ಯೂಟಿಗೆ ಹೋಗುವುದನ್ನು ವಾಲ್ಟ್ ಡಿಸ್ನಿ ಕಂಡರಂತೆ, ಕಂಡು ಕಿರಿಕಿರಿಗೊಂಡರಂತೆ, ಅದರಿಂದ ಸುರಂಗದ ವಿಚಾರ ಹುಟ್ಟಿತಂತೆ. ಹೇಳಲು ಸೊಗಸಾದ ಕಥೆ. ಆದರೆ ಈ ಓಣಿಗಳ ನಿಜವಾದ ವಂಶವನ್ನು ನಾನು ಬೇರೆ ಕಡೆ ಹುಡುಕುತ್ತೇನೆ.

1966ರ ಅಕ್ಟೋಬರಿನಲ್ಲಿ, ತೀರಿಕೊಳ್ಳುವ ಸುಮಾರು ಎರಡು ತಿಂಗಳ ಮೊದಲು, ವಾಲ್ಟ್ ಒಂದು ಕಿರುಚಿತ್ರದಲ್ಲಿ ತಮ್ಮ ಫ್ಲಾರಿಡಾ ಯೋಜನೆಯನ್ನು ವಿವರಿಸಿದರು. ಅದರ ಹೃದಯದಲ್ಲಿದ್ದದ್ದು ಆಟದ ಉದ್ಯಾನವಲ್ಲ, ಎಪ್ಕಾಟ್ ಎಂಬ ನಗರ. ಆ ನಗರದ ನಡುಭಾಗದಲ್ಲಿ ಲಾರಿಗಳು ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ, ಕಾರುಗಳು ಅದರ ಮೇಲೆ, ಜನ ಮಾತ್ರ ಮೇಲಿನ ಬಯಲಿನಲ್ಲಿ. ನಡೆಯುವವನಿಗೆ ಚಕ್ರದ ಭಯವಿಲ್ಲದ ಊರು. ಒಳ್ಳೆಯ ಯೋಚನೆ, ಇಂದಿನ ಯಾವ ನಗರದ ಫುಟ್‌ಪಾತಿನಲ್ಲಿ ನಿಂತು ನೋಡಿದರೂ ಒಳ್ಳೆಯದೆಂದೇ ಕಾಣುತ್ತದೆ. ಡಿಸೆಂಬರ್ 15ಕ್ಕೆ ವಾಲ್ಟ್ ತೀರಿಕೊಂಡರು. ಅಣ್ಣ ರಾಯ್ ಡಿಸ್ನಿ ಉದ್ಯಾನವನ್ನು ಕಟ್ಟಿ ಮುಗಿಸಿದರು, ನಗರವನ್ನು ಕೈಬಿಟ್ಟರು. ನಗರಕ್ಕೆಂದು ಹುಟ್ಟಿದ ಅಂತಸ್ತಿನ ವಿಚಾರ ಉದ್ಯಾನದ ಅಡಿಯಲ್ಲಿ ಉಳಿಯಿತು, ಆದರೆ ಅದರ ಅರ್ಥ ಬದಲಾಗಿತ್ತು. ಕಾಗದದ ಮೇಲಿನ ಎಪ್ಕಾಟಿನಲ್ಲಿ ಜನರ ಹಿತಕ್ಕಾಗಿ ಕೆಳಗೆ ಹೋದದ್ದು ವಾಹನ. ಮ್ಯಾಜಿಕ್ ಕಿಂಗ್‌ಡಮ್ಮಿನಲ್ಲಿ ಗ್ರಾಹಕರ ಹಿತಕ್ಕಾಗಿ ಕೆಳಗೆ ಹೋದದ್ದು ಕೆಲಸಗಾರ. ಯುಟಿಲಿಡಾರನ್ನು ಮೆಚ್ಚುವ ಬರಹಗಳು ಬೇಕಾದಷ್ಟಿವೆ, ಅವುಗಳಲ್ಲಿ ಈ ಪಲ್ಲಟದ ಮಾತು ಅಪರೂಪ.

ಮೆಚ್ಚಬೇಕಾದದ್ದನ್ನು ಮೆಚ್ಚದಿದ್ದರೆ ವಿಮರ್ಶೆಯೇ ಅಲ್ಲ. ವಿನ್ಯಾಸವಾಗಿ ನೋಡಿದರೆ ಇದು ಬಹಳ ಬುದ್ಧಿವಂತಿಕೆಯ ಕೆಲಸ. ಉದ್ಯಾನದ ನಕ್ಷೆ ಗಾಲಿಯಂತಿದೆ: ನಡುವೆ ಅರಮನೆಯ ಮುಂದಿನ ವೃತ್ತ, ಅಲ್ಲಿಂದ ಕವಲೊಡೆಯುವ ದಾರಿಗಳು, ಒಂದೊಂದು ದಾರಿಯ ಕೊನೆಗೆ ಒಂದೊಂದು ಲೋಕ. ಪ್ರವಾಸಿಗೆ ಇದು ಅನುಕೂಲ, ದಾರಿ ತಪ್ಪುವುದಿಲ್ಲ. ಸರಬರಾಜಿಗೆ ಮಾತ್ರ ದೊಡ್ಡ ತಲೆನೋವು. ಹೊರವಲಯಕ್ಕೆ ಹಿಂದಿನ ರಸ್ತೆಯಿಂದ ಸಾಮಾನು ತಲುಪಿಸಬಹುದು, ನಡುವಿನ ಅಂಗಡಿ ಹೋಟೆಲುಗಳಿಗೆ ತಲುಪಿಸುವುದು ಹೇಗೆ? ಜನಜಂಗುಳಿಯ ನಡುವೆ ತರಕಾರಿ ಗಾಡಿ ತಳ್ಳಿಕೊಂಡು ಹೋಗಬೇಕು, ಇಲ್ಲವೇ ಕೆಳಗಿನಿಂದ ಹತ್ತಬೇಕು. ಡಿಸ್ನಿಯವರು ಕೆಳಗಿನಿಂದ ಹತ್ತಿದರು. ಓಣಿಯೊಳಗೆ ಬ್ಯಾಟರಿ ಗಾಡಿಗಳು ಓಡಾಡುತ್ತವೆ, ಮೇಲೆ ಯಾವ ಲೋಕವಿದೆ ಎಂದು ತಿಳಿಯಲು ಗೋಡೆಗಳಿಗೆ ಬೇರೆ ಬೇರೆ ಬಣ್ಣ. ಚಾವಣಿಯ ಉದ್ದಕ್ಕೂ ನೀರು, ವಿದ್ಯುತ್ತು, ತಂಪುಗಾಳಿಯ ಪೈಪುಗಳು ತೆರೆದುಕೊಂಡೇ ಇವೆ. ಒಂದು ಪೈಪು ಸೋರಿದರೆ ಬೀದಿ ಅಗೆಯಬೇಕಿಲ್ಲ, ಏಣಿ ಹಾಕಿದರೆ ಸಾಕು. ವರ್ಷಕ್ಕೆರಡು ಸಲ ಅದೇ ರಸ್ತೆಯನ್ನು ಅಗೆದು ಮುಚ್ಚುವ ನಮ್ಮ ನಗರಪಾಲಿಕೆಗಳ ಎಂಜಿನಿಯರುಗಳನ್ನು ಇಲ್ಲಿಗೆ ಪ್ರವಾಸ ಕಳಿಸಿದರೆ ಆ ಖರ್ಚಿಗೆ ನಾನು ತಕರಾರು ಮಾಡುವುದಿಲ್ಲ. ಇಂಥ ಪ್ರಯೋಗಕ್ಕೆ ಕಾನೂನಿನ ಬೆಂಬಲವೂ ಇತ್ತೆನ್ನಿ: 1967ರಲ್ಲಿ ಫ್ಲಾರಿಡಾ ಶಾಸನಸಭೆ ರೂಪಿಸಿಕೊಟ್ಟ ರೀಡಿ ಕ್ರೀಕ್ ಎಂಬ ವಿಶೇಷ ಆಡಳಿತ ಜಿಲ್ಲೆಯ ಮೂಲಕ ಕಟ್ಟಡ ನಿಯಮಗಳೂ ಬಹುಮಟ್ಟಿಗೆ ಕಂಪನಿಯ ಕೈಯಲ್ಲೇ ಇದ್ದವು.

ಕಸದ ವ್ಯವಸ್ಥೆಯದು ಇನ್ನೂ ರಸವತ್ತಾದ ಪ್ರಕರಣ. ಸ್ವೀಡನ್ನಿನಿಂದ ತರಿಸಿದ ಯಂತ್ರವೊಂದು ಕಸದ ಚೀಲಗಳನ್ನು ಕೊಳವೆಯಲ್ಲಿ ಗಾಳಿಯ ಸೆಳೆತಕ್ಕೆ ಸಿಕ್ಕಿಸಿ, ಗಂಟೆಗೆ ಸುಮಾರು 60 ಮೈಲಿ ವೇಗದಲ್ಲಿ ಉದ್ಯಾನದ ಹಿಂಬದಿಯ ಸಂಗ್ರಹ ಕೇಂದ್ರಕ್ಕೆ ಎಳೆದೊಯ್ಯುತ್ತದೆ. ಬೀದಿಬದಿಯ ಪ್ರತಿ ತೊಟ್ಟಿಯ ಬುಡದಲ್ಲೂ ಈ ಕೊಳವೆಯ ಬಾಯಿ ಇದೆ, ಎಸೆದ ಕಾಗದ ಸೊಯ್ಯೆಂದು ಮಾಯವಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ತೊಟ್ಟಿಯ ಚೀಲವನ್ನು ಒಬ್ಬ ಮನುಷ್ಯ ಎತ್ತಬೇಕು, ಕಟ್ಟಬೇಕು, ಪ್ರವಾಸಿಗೆ ಕಾಣದ ಮೂಲೆಯಲ್ಲಿರುವ ಕೊಳವೆಯ ಬಾಯಿಯವರೆಗೆ ಒಯ್ದು ಹಾಕಬೇಕು. ಆ ಮನುಷ್ಯನನ್ನು ದಂತಕಥೆ ಎಷ್ಟು ಸುಲಭವಾಗಿ ಅಳಿಸಿಹಾಕಿದೆ ನೋಡಿ. ಯಂತ್ರದ ವೇಗ ಎಲ್ಲರ ಬಾಯಲ್ಲಿದೆ, ಚೀಲ ಕಟ್ಟುವ ಕೈ ಯಾರ ನೆನಪಿನಲ್ಲೂ ಇಲ್ಲ. ಮರೆಮಾಚುವ ವಾಸ್ತುವಿನ ಯಶಸ್ಸನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಇಷ್ಟು ಜಾಣತನದ ಮಾದರಿಯನ್ನು ಡಿಸ್ನಿ ಕಂಪನಿಯೇ ಈ ಪ್ರಮಾಣದಲ್ಲಿ ಮತ್ತೆ ಕಟ್ಟಲಿಲ್ಲ. ಕೈಬಿಟ್ಟ ನಗರದ ಹೆಸರನ್ನು ಹೊತ್ತು 1982ರಲ್ಲಿ ತೆರೆದ ಎಪ್ಕಾಟ್ ಉದ್ಯಾನದ ಒಂದು ಭಾಗದಡಿ ಚಿಕ್ಕದೊಂದು ಸುರಂಗವಿದೆ, ಅಷ್ಟೇ. ಆನಂತರ ಅದೇ ಜಮೀನಿನಲ್ಲಿ ಬಂದ ಉದ್ಯಾನಗಳು ಕಟ್ಟಡಗಳ ಬೆನ್ನಿಗೆ ರಸ್ತೆ ಹಾಕಿಕೊಂಡು, ಗಿಡಮರ ಬೆಳೆಸಿ ಮರೆಮಾಡಿ ಸುಧಾರಿಸಿಕೊಂಡವು. ದುಡ್ಡಿನ ಲೆಕ್ಕ ಒಂದು ಕಾರಣವಿರಬೇಕು. ಕಾಂಕ್ರೀಟಿನ ಓಣಿ ಒಮ್ಮೆ ಕಟ್ಟಿದ ಮೇಲೆ ಕದಲುವುದಿಲ್ಲ, ಮೇಲಿನ ಉದ್ಯಾನ ಬೆಳೆಯುತ್ತಲೇ ಇರುತ್ತದೆ ಎಂಬುದು ಇನ್ನೊಂದು. ಮೂರನೆಯದು ನನ್ನ ಊಹೆ: ಕೌಬಾಯ್ ಅಡ್ಡ ಬಂದರೆ ಪ್ರವಾಸಿಯ ಕನಸು ಒಡೆಯುತ್ತದೆ ಎಂಬ ಮೂಲ ಭಯದಲ್ಲೇ ಹುರುಳು ಕಡಿಮೆ. ಯಕ್ಷಗಾನದಲ್ಲಿ ಇಬ್ಬರು ತೆರೆ ಹಿಡಿದು ರಂಗದ ಮೇಲೇ ನಿಂತಿರುತ್ತಾರೆ, ತೆರೆಯ ಹಿಂದಿನ ಕಿರೀಟ ಮೇಲಿನಿಂದ ಇಣುಕುತ್ತಿರುತ್ತದೆ. ಅದರಿಂದ ರಾವಣನ ರಾವಣತ್ವಕ್ಕೆ ಎಳ್ಳಷ್ಟೂ ಕುಂದಿಲ್ಲ. ಕೆಲಸ ಕಂಡರೆ ಮಾಯೆ ಕೆಡುತ್ತದೆ ಎನ್ನುವುದು ಕಲೆಯ ನಿಯಮವಲ್ಲ, ಒಂದು ಬಗೆಯ ವ್ಯಾಪಾರದ ನಿಯಮ.

ಆ ವ್ಯಾಪಾರದ ಭಾಷೆಯಲ್ಲಿ ನೌಕರನಿಗೆ ಕಾಸ್ಟ್ ಮೆಂಬರ್ ಎಂದು ಹೆಸರು, ಸಮವಸ್ತ್ರಕ್ಕೆ ಕಾಸ್ಟ್ಯೂಮ್, ಪ್ರವಾಸಿಗೆ ಗೆಸ್ಟ್. ಮೇಲಿನ ಬೀದಿ ರಂಗ, ಕೆಳಗಿನ ಓಣಿ ನೇಪಥ್ಯ. ಐಸ್‌ಕ್ರೀಮ್ ಮಾರುವವನೂ ನಟನೇ. ಕೇಳಲು ಗೌರವದ ಮಾತು, ಆದರೆ ನಟನ ಸಂಬಳದ ಮಾತು ಬಂದಾಗ ಅವನು ಮತ್ತೆ ಮಾರುವವನೇ ಆಗುತ್ತಾನೆ. ಗಂಟೆಗೆ 10 ಡಾಲರ್ ಇದ್ದ ಕನಿಷ್ಠ ಕೂಲಿಯನ್ನು 2021ರೊಳಗೆ 15ಕ್ಕೆ ಏರಿಸುವ ಒಪ್ಪಂದಕ್ಕೆ ಕಾರ್ಮಿಕ ಸಂಘಗಳು 2018ರವರೆಗೆ ಜಗ್ಗಾಡಬೇಕಾಯಿತು. 18 ಡಾಲರಿಗೆ ಬಂದದ್ದು 2023ರಲ್ಲಿ. ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು 2001ರ ಒಂದು ಪುಟ್ಟ ಒಪ್ಪಂದ. ಮಿಕ್ಕಿ, ಗೂಫಿಗಳ ವೇಷ ಹಾಕುವವರು ದಿನದ ಕೊನೆಗೆ ವೇಷದ ಜೊತೆ ಒಳಉಡುಪನ್ನೂ ಮರಳಿ ಕೊಡಬೇಕಿತ್ತು. ಅದು ಎಲ್ಲರದರ ಜೊತೆ ತೊಳೆಯಲು ಹೋಗಿ, ಮರುದಿನ ಇನ್ಯಾರಿಗೋ ಸಿಗುತ್ತಿತ್ತು. ಸರಿಯಾಗಿ ತೊಳೆಯುವುದಿಲ್ಲ, ಹೇನು ತುರಿಕೆ ಅಂಟುತ್ತಿದೆ ಎಂದು ಕೆಲಸಗಾರರು ದೂರಿದರು. ಟೀಮ್‌ಸ್ಟರ್ಸ್ ಸಂಘ ಮಾತುಕತೆಯ ಮೇಜಿನಲ್ಲಿ ಕೂತು, ಪ್ರತಿಯೊಬ್ಬರಿಗೂ ಅವರವರದೇ ಒಳಉಡುಪು, ಅದನ್ನು ಮನೆಗೆ ಒಯ್ದು ಒಗೆದುಕೊಳ್ಳುವ ಹಕ್ಕು ಎಂದು ಬರೆಸಿಕೊಂಡಿತು. ಗಾಳಿಯಿಂದ ಕಸ ಸಾಗಿಸುವ ಉದ್ಯಾನ ಇಷ್ಟನ್ನು ಒಪ್ಪಲು ಬಾಗಿಲು ತೆರೆದು 30 ವರ್ಷ ಹಿಡಿಯಿತು.

ಈಗ ಈ ಓಣಿಗಳನ್ನು ನೋಡಲೂ ಟಿಕೆಟ್ಟಿದೆ. 'ಕೀಸ್ ಟು ದ ಕಿಂಗ್‌ಡಮ್' ಎಂಬ ಮಾರ್ಗದರ್ಶಿತ ನಡಿಗೆ ಕೆಲವು ಗಂಟೆಗಳದು. 16 ವರ್ಷಕ್ಕಿಂತ ಚಿಕ್ಕವರಿಗೆ ಪ್ರವೇಶವಿಲ್ಲ, ಕೆಳಗೆ ಫೋಟೊ ತೆಗೆಯುವಂತಿಲ್ಲ. ಪ್ರವಾಸಿಗೆ ತೆರೆಯ ಹಿಂದೆ ಇಣುಕುವ ಆಸೆಯಿರುತ್ತದೆ, ಹಾಗಾಗಿ ಅವನಿಗೆಂದೇ ಒಂದು ಹಿತ್ತಲನ್ನೂ ಸಜ್ಜುಗೊಳಿಸಿ ತೋರಿಸುತ್ತಾರೆ ಎಂದು ಸಮಾಜಶಾಸ್ತ್ರಜ್ಞ ಡೀನ್ ಮೆಕ್ಯಾನೆಲ್ 1973ರಲ್ಲೇ ವಾದಿಸಿದ್ದರು. ಗುಟ್ಟಿಗೆ ದರ ಕಟ್ಟಿದ ಕೂಡಲೇ ನೇಪಥ್ಯವೂ ಇನ್ನೊಂದು ರಂಗವಾಯಿತು. ನಡಿಗೆ ಮುಗಿಸಿ ಮೇಲೆ ಬಂದವನು ಮೊದಲಿಗಿಂತ ಗಟ್ಟಿ ಭಕ್ತನಾಗಿರುತ್ತಾನೆ.

ಹೋಲಿಕೆಗೆ ನಿಜವಾದ ದ್ವೀಪವೊಂದಿದೆ. ನ್ಯೂಯಾರ್ಕಿನ ಈಸ್ಟ್ ನದಿಯ ನಡುವಿನ ರೂಸ್‌ವೆಲ್ಟ್ ದ್ವೀಪದಲ್ಲಿ ಇದೇ ಸ್ವೀಡಿಷ್ ಬಗೆಯ ಕೊಳವೆಗಳು 1975ರಿಂದ ಕಸ ಎಳೆಯುತ್ತಿವೆ. ಅಲ್ಲಿರುವವರು ಗೆಸ್ಟ್‌ಗಳಲ್ಲ, ಬಾಡಿಗೆ ಕಟ್ಟಿ ಮಕ್ಕಳನ್ನು ಶಾಲೆಗೆ ಕಳಿಸುವ ಸಾವಿರಾರು ನಿವಾಸಿಗಳು. ಬೀದಿಯಲ್ಲಿ ಚೀಲಗಳ ರಾಶಿಯಿಲ್ಲ, ಮುಂಜಾನೆಯ ಕಸದ ಲಾರಿಯ ಗದ್ದಲವಿಲ್ಲ. ಕನಸು ಕೆಡದ ಹಾಗೆ ಯಾರನ್ನೂ ಬಚ್ಚಿಡಬೇಕಿಲ್ಲ. ವಾಲ್ಟ್ ಚಿತ್ರಿಸಿದ ನಗರದ ಒಂದು ಚೂರು ಅವರ ಕಂಪನಿಯ ನೆರವಿಲ್ಲದೆ ಅಲ್ಲಿ ನಡೆಯುತ್ತಿದೆ. 2010ರಲ್ಲಿ ಆ ದ್ವೀಪದ ಗ್ಯಾಲರಿಯಲ್ಲೇ ಈ ಕೊಳವೆಗಳ ಕುರಿತು ಪ್ರದರ್ಶನವೊಂದು ನಡೆಯಿತು. ಅದರ ವಿಷಯ ಮಾಯೆಯಲ್ಲ, ನಗರಗಳು ತಮ್ಮ ಕಸವನ್ನು ಮುಂದೆ ಹೇಗೆ ಸಾಗಿಸಬೇಕು ಎಂಬುದು.