ಉಪೇಂದ್ರರ ಎರಡು ಚಲಚ್ಚಿತ್ರಗಳಲ್ಲಿ ರಾಜ್ಯವಿಚಾರ

ವಿಜ್ಞಾನಕಲ್ಪನೆಯ ಕಥೆಯು ಭವಿಷ್ಯತ್ತನ್ನು ನೆವಮಾಡಿಕೊಂಡು ವರ್ತಮಾನದ ರಾಜ್ಯವ್ಯವಸ್ಥೆಯನ್ನು ವಿಚಾರಿಸತಕ್ಕುದು. ಕನ್ನಡ ಚಲಚ್ಚಿತ್ರದಲ್ಲಿ ಈ ಮಾರ್ಗವನ್ನು ಹಿಡಿದವರೊಳಗೆ ಶ್ರೀ ಉಪೇಂದ್ರರು ಗಣ್ಯರು. ಅವರ ‘ಸೂಪರ್’ (2010) ಚಿತ್ರವು 2030ರ ಸಮೃದ್ಧ ಭಾರತವನ್ನು ಕಲ್ಪಿಸಿತು. ಅಲ್ಲಿ ವಿದೇಶೀಯರೇ ಉದ್ಯೋಗವನ್ನರಸಿ ಇಲ್ಲಿಗೆ ಬರುವರು. ‘ಯುಐ’ (2024) ಚಿತ್ರದ ಪ್ರಚಾರಕ್ಕಾಗಿ ಹೊರಬಂದ ತುಣುಕಾದರೋ 2040ರ ತಾಪವನ್ನೂ ಹಸಿವನ್ನೂ ತೋರಿಸಿತು. ಹದಿನಾಲ್ಕು ವರ್ಷಗಳಲ್ಲಿ ಕನಸು ಎಚ್ಚರಿಕೆಯಾಗಿ ಮಾರ್ಪಟ್ಟುದು ಗಮನಾರ್ಹವಾದುದು.

ಈ ನಡುವೆ, 2018ರಲ್ಲಿ, ಅವರು ಉತ್ತಮ ಪ್ರಜಾಕೀಯ ಪಕ್ಷವನ್ನು ಸ್ಥಾಪಿಸಿದರು. ‘ರಾಜಕೀಯ’ದ ಸ್ಥಾನದಲ್ಲಿ ‘ಪ್ರಜಾಕೀಯ’ವೆಂದುದರಲ್ಲಿಯೇ, ಪ್ರಭುವಲ್ಲ, ಪ್ರಜೆಯೇ ಹೊಣೆಗಾರನೆಂಬ ತತ್ತ್ವವು ಅಡಗಿದೆ. ‘ಯುಐ’ ಇದನ್ನೇ ಮುಂದುವರಿಸಿ, ಸತ್ಯ, ಕಲ್ಕಿ ಎಂಬ ಎರಡು ಪಾತ್ರಗಳ ಮೂಲಕ ದೋಷವನ್ನು ಪ್ರೇಕ್ಷಕನ ಕಡೆಗೇ ತಿರುಗಿಸುತ್ತದೆ.

ಈ ತತ್ತ್ವವನ್ನು ಕೊಡಗಿನ ಭಾಗಮಂಡಲದ ಅನುಭವದೊಡನೆ ಒರೆಹಚ್ಚಿ ನೋಡಬೇಕು. ಅಲ್ಲಿ ಮಳೆಗಾಲದ ಪ್ರವಾಹವು ತ್ರಿವೇಣೀಸಂಗಮವನ್ನು ಮುಳುಗಿಸುವುದುಂಟು. 2020ರ ಆಗಸ್ಟಿನಲ್ಲಿ ಸಮೀಪದ ತಲಕಾವೇರಿಯಲ್ಲಿ ಬ್ರಹ್ಮಗಿರಿಯ ಮಣ್ಣು ಕುಸಿದು ಅರ್ಚಕರ ಮನೆಯನ್ನು ನುಂಗಿತು. ಆ ಜನರಿಗೆ ವಿಪತ್ತು 2040ರ ಸಂಗತಿಯಲ್ಲ. ಬೆಟ್ಟದ ಇಳಿಜಾರನ್ನು ಅಗೆಯಲು ಅನುಮತಿ ಕೊಡುವವರಾರು, ತಡೆಯಬೇಕಾದವರಾರು, ಮುನ್ನೆಚ್ಚರಿಕೆಯನ್ನು ಮನೆಮನೆಗೆ ಮುಟ್ಟಿಸಬೇಕಾದವರಾರು ಎಂಬುದೇ ಅವರ ಪ್ರಶ್ನೆ. ಪ್ರೇಕ್ಷಕನ ಅಂತರಂಗವನ್ನು ಶೋಧಿಸಹೊರಟ ಚಿತ್ರದಲ್ಲಿ ಗ್ರಾಮಪಂಚಾಯತಿ, ಜಿಲ್ಲಾಡಳಿತಗಳಂತಹ ಸಂಸ್ಥೆಗಳಿಗೆ ತಕ್ಕ ಸ್ಥಾನವು ದೊರೆತಿಲ್ಲ. ಎಲ್ಲರೂ ಹೊಣೆಗಾರರೆಂದಾಗ, ಅಧಿಕಾರದಲ್ಲಿರುವವನು ಆ ಗುಂಪಿನಲ್ಲಿ ಸುಲಭವಾಗಿ ಮರೆಯಾಗುವನು.

ಪ್ರಜೆಯನ್ನು ಎಚ್ಚರಗೊಳಿಸಿದ ಕೀರ್ತಿಯು ಈ ಚಿತ್ರಕ್ಕೆ ಸಲ್ಲತಕ್ಕುದೇ. ಆದರೆ ಆತ್ಮಪರೀಕ್ಷೆಯು ಆಡಳಿತದ ಪರೀಕ್ಷೆಗೆ ಪೀಠಿಕೆಯಾಗಬಲ್ಲುದಲ್ಲದೆ ಅದರ ಸ್ಥಾನವನ್ನು ತುಂಬಲಾರದು.