ಟ್ರಾಲಪ್‌ನ ಗಡಿಯಾರ ಉಳಿಯಿತು, ಅರ್ಧ ಗಂಟೆ ಕಳೆದುಹೋಯಿತು

ದಿನಾ ಬರೆಯುವ ಅಭ್ಯಾಸ ಮಾಡಿಕೊಳ್ಳಬೇಕು ಅಂತ ಹೊರಟವರ ಕೈಯಲ್ಲಿ ಈಗ ಸಾಮಾನ್ಯವಾಗಿ ಎರಡು ಪುಸ್ತಕಗಳು ಕಾಣಿಸುತ್ತವೆ. ಒಂದು ಜೇಮ್ಸ್ ಕ್ಲಿಯರ್ ಅವರ 'ಅಟಾಮಿಕ್ ಹ್ಯಾಬಿಟ್ಸ್', 2018ರಲ್ಲಿ ಬಂದದ್ದು. ಇನ್ನೊಂದು ಬಿ.ಜೆ. ಫಾಗ್ ಅವರ 'ಟೈನಿ ಹ್ಯಾಬಿಟ್ಸ್'. ನಮ್ಮ ಆಫೀಸಿನಲ್ಲಿ ಟೆಸ್ಟಿಂಗ್ ಮಾಡುವವರಿಂದ ಹಿಡಿದು ಎಚ್‌ಆರ್‌ನವರ ತನಕ ಎಷ್ಟೋ ಜನರ ಮೇಜಿನ ಮೇಲೆ ಇವುಗಳಲ್ಲಿ ಒಂದಾದರೂ ಇದೆ. ಅವರಲ್ಲಿ ಕೆಲವರಿಗೆ ಕಥೆ ಬರೆಯುವ ಆಸೆ, ಕೆಲವರಿಗೆ ಅಜ್ಜಿ ಹೇಳುತ್ತಿದ್ದ ಊರಿನ ಸಂಗತಿಗಳನ್ನು ಎಲ್ಲಾದರೂ ಬರೆದಿಡುವ ಆಸೆ. ಮೂರು ತಿಂಗಳಾದ ಮೇಲೆ ಕೇಳಿದರೆ ಬಹುತೇಕರದ್ದು ಒಂದೇ ಉತ್ತರ: "ಶುರು ಮಾಡಿದ್ದೆ ಕಣೋ, ಬಿಟ್ಟೋಯ್ತು." ಪುಸ್ತಕ ಒಳ್ಳೆಯದೇ, ಓದಿದವರೂ ಸೋಮಾರಿಗಳಲ್ಲ. ಮತ್ತೆ ಯಾಕೆ ಹೀಗಾಗುತ್ತದೆ?

ಮೊದಲು ಈ ಪುಸ್ತಕಗಳಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡೋಣ. ಹೊಸ ಅಭ್ಯಾಸ ಎರಡು ನಿಮಿಷಕ್ಕಿಂತ ಕಡಿಮೆ ಹೊತ್ತಿನಲ್ಲಿ ಮುಗಿಯುವಷ್ಟು ಚಿಕ್ಕದಿರಲಿ ಎನ್ನುತ್ತಾರೆ ಕ್ಲಿಯರ್. ಈಗಾಗಲೇ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಹೊಸದನ್ನು ಗಂಟು ಹಾಕಿ ಎನ್ನುತ್ತಾರೆ ಫಾಗ್. ಅವರ ಪ್ರಸಿದ್ಧ ಉದಾಹರಣೆ ಹಲ್ಲಿನದು: ಬ್ರಷ್ ಮಾಡಿದ ಮೇಲೆ ಒಂದೇ ಒಂದು ಹಲ್ಲಿನ ಸಂದು ದಾರದಿಂದ ಸ್ವಚ್ಛ ಮಾಡಿ ಸಾಕು. ಬರವಣಿಗೆಗೆ ಇದನ್ನು ತಂದರೆ, ಬೆಳಗಿನ ಕಾಫಿ ಲೋಟ ಕೆಳಗಿಟ್ಟ ಮೇಲೆ ಒಂದು ವಾಕ್ಯ. ರಾತ್ರಿ ಎಂಟೂವರೆಗೆ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವವರಿಗೆ ದಿನಕ್ಕೊಂದು ಅಧ್ಯಾಯ ಅನ್ನುವುದು ಬರೀ ಮಾತು, ಒಂದು ವಾಕ್ಯ ಮಾತ್ರ ಸಾಧ್ಯ. ಹನಿ ಹನಿ ಕೂಡಿ ಹಳ್ಳ ಅಂತ ನಮ್ಮವರು ಹೇಳಿದ್ದೂ ಇದನ್ನೇ. ಇಲ್ಲಿಯವರೆಗೆ ನನಗೆ ತಕರಾರಿಲ್ಲ.

ತಕರಾರು ಶುರುವಾಗುವುದು 'ಅಭ್ಯಾಸ' ಎಂಬ ಪದದಲ್ಲಿ. 21 ದಿನ ಮಾಡಿದರೆ ಯಾವುದೇ ಆದರೂ ಅಭ್ಯಾಸವಾಗುತ್ತದೆ ಅಂತ ಒಂದು ಮಾತಿದೆಯಲ್ಲ, ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ 21 ದಿನ ಬೇಕಾಗುತ್ತದೆ ಅಂತ ಅವರು ಗಮನಿಸಿದ್ದರು. ಕನ್ನಡಿಯಲ್ಲಿ ಕಾಣುವ ಮೂಗಿಗೂ ಬರೆಯಬೇಕಾದ ಕಥೆಗೂ ಏನು ಸಂಬಂಧ ಅಂತ ಆಮೇಲೆ ಯಾರೂ ಕೇಳಿದಂತಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ಮಾಡಿದ ಅಧ್ಯಯನ ಇದಕ್ಕಿಂತ ಗಟ್ಟಿಯಾದದ್ದು. ಅವರ ಲೆಕ್ಕದಲ್ಲಿ ಅಭ್ಯಾಸ ನೆಲೆಗೊಳ್ಳಲು ಬೇಕಾದ ಕಾಲ 18 ದಿನದಿಂದ 254 ದಿನದವರೆಗೆ ಹರಡಿಕೊಂಡಿತ್ತು, ನಡುವಿನ ಅಂಕಿ 66. ಆದರೆ ಅಲ್ಲಿ ಜನ ಆರಿಸಿಕೊಂಡದ್ದು ಹಣ್ಣು ತಿನ್ನುವುದು, ನೀರು ಕುಡಿಯುವುದು, ಓಡುವುದು ಇಂಥವನ್ನು. ಯೋಚಿಸದೆ ಕೈ ತಾನಾಗಿ ನೀರಿನ ಲೋಟಕ್ಕೆ ಹೋದರೆ ಅಭ್ಯಾಸ ಬಂತು ಅಂತ ಲೆಕ್ಕ.

ಬರವಣಿಗೆ ಹಾಗಲ್ಲ ನೋಡಿ. ಯೋಚಿಸದೆ ಬರೆದರೆ ಅದು ಆಫೀಸಿನ ಸ್ಟೇಟಸ್ ಮೇಲ್ ಆಗುತ್ತದೆ. ಮೇಜಿನ ಮುಂದೆ ಹೋಗಿ ಕೂರುವುದು ಅಭ್ಯಾಸವಾಗಬಹುದು, ಆಗಲೇಬೇಕು. ಕೂತ ಮೇಲೆ ನಡೆಯುವ ಕೆಲಸ ಪ್ರತಿದಿನವೂ ಹೊಸದಾಗಿಯೇ ಕಷ್ಟ ಕೊಡುತ್ತದೆ. ಈ ಎರಡನ್ನೂ ಒಂದೇ ಅಂದುಕೊಂಡವರು ನಲವತ್ತನೇ ದಿನವೂ ಕಷ್ಟವಾದಾಗ "ಇದು ನನಗೆ ಆಗೋ ಕೆಲಸ ಅಲ್ಲ" ಅಂತ ಎದ್ದುಬಿಡುತ್ತಾರೆ. ಸುಲಭವಾಗುತ್ತದೆ ಅಂತ ಮಾತು ಕೊಟ್ಟದ್ದೇ ಅವರನ್ನು ಸೋಲಿಸಿತು.

ಇದರ ಜೊತೆಗೆ ಮೊಬೈಲ್ ಆ್ಯಪ್‌ಗಳ ಸ್ಟ್ರೀಕ್ ಬೇರೆ. ನನ್ನ ಗೆಳತಿಯೊಬ್ಬಳು ಸತತ 90ಕ್ಕೂ ಹೆಚ್ಚು ದಿನ ಬರೆದಳು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ಬರೆಯಲಾಗಲಿಲ್ಲ. ಮರುದಿನ ಆ್ಯಪ್ ತೆರೆದರೆ ಸೊನ್ನೆ. ಅಪ್ಪ ಹುಷಾರಾಗಿ ಮನೆಗೆ ಬಂದರು, ಅವಳು ಮಾತ್ರ ಬರವಣಿಗೆಗೆ ವಾಪಸ್ ಬರಲಿಲ್ಲ. ಆ 90 ದಿನಗಳ ಪುಟಗಳು ಎಲ್ಲಿಗೂ ಹೋಗಿರಲಿಲ್ಲ, ಅಳಿಸಿಹೋದದ್ದು ಒಂದು ಅಂಕಿ ಅಷ್ಟೇ. ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗುವುದಿಲ್ಲ ಅಂತ ಲ್ಯಾಲಿ ಅವರ ಅಧ್ಯಯನವೇ ಹೇಳಿತ್ತು. ಆ ಮಾತು ಆ್ಯಪ್ ಮಾಡಿದವರ ಕಿವಿಗೆ ಬಿದ್ದಂತಿಲ್ಲ.

ದಿನಕ್ಕಿಷ್ಟು ಅಂತ ಲೆಕ್ಕ ಇಟ್ಟು ಬರೆಯುವವರೆಲ್ಲರ ಹಿರಿಯಣ್ಣ ಆಂಟನಿ ಟ್ರಾಲಪ್. ವಿಕ್ಟೋರಿಯಾ ಕಾಲದ ಇಂಗ್ಲಿಷ್ ಕಾದಂಬರಿಕಾರ, ಹೊಟ್ಟೆಪಾಡಿಗೆ ಅಂಚೆ ಇಲಾಖೆಯ ನೌಕರ. 1834ರಿಂದ 1867ರವರೆಗೆ ಅಲ್ಲಿ ದುಡಿಯುತ್ತಲೇ ಬರೆದ, ಒಟ್ಟು 47 ಕಾದಂಬರಿ ಬರೆದ. ಅವನು ತೀರಿಕೊಂಡ ಮರುವರ್ಷ, 1883ರಲ್ಲಿ, ಅವನ ಆತ್ಮಕಥೆ ಪ್ರಕಟವಾಯಿತು. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ, ಎದುರಿಗೆ ಗಡಿಯಾರ, ಪ್ರತಿ 15 ನಿಮಿಷಕ್ಕೆ 250 ಪದ. ಈ ಲೆಕ್ಕವನ್ನು ಅವನು ಯಾವ ಸಂಕೋಚವೂ ಇಲ್ಲದೆ ಅಲ್ಲಿ ಒಪ್ಪಿಸುತ್ತಾನೆ, ಲೇಖಕನನ್ನು ಚಪ್ಪಲಿ ಹೊಲಿಯುವವನಿಗೆ ಹೋಲಿಸುತ್ತಾನೆ. ಇವತ್ತಿಗೂ ಬರೆಯುವ ಶಿಸ್ತಿನ ಬಗ್ಗೆ ಯಾರು ಮಾತೆತ್ತಿದರೂ ಈ ಗಡಿಯಾರ ಬಂದೇ ಬರುತ್ತದೆ.

ಆದರೆ ಅದೇ ಪುಟದಲ್ಲಿ ಇನ್ನೂ ಒಂದು ಸಂಗತಿ ಇದೆ. ಅವನ ಬೆಳಗಿನ ಮೂರು ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಹೊಸದಾಗಿ ಒಂದು ಪದವನ್ನೂ ಬರೆಯುತ್ತಿರಲಿಲ್ಲ. ಹಿಂದಿನ ದಿನ ಬರೆದದ್ದನ್ನು ಓದುತ್ತಿದ್ದ, ವಾಕ್ಯಗಳು ಕಿವಿಗೆ ಹೇಗೆ ಕೇಳುತ್ತವೆ ಅಂತ ತೂಗಿ ನೋಡುತ್ತಿದ್ದ. ನಾವು ಗಡಿಯಾರವನ್ನು ತೆಗೆದುಕೊಂಡೆವು, ಅರ್ಧ ಗಂಟೆಯನ್ನು ಬಿಟ್ಟೆವು. ಲೆಕ್ಕದ ಪುಸ್ತಕವನ್ನೂ ಅವನು ವಾರವಾರಕ್ಕೆ ಇಡುತ್ತಿದ್ದ. ವಾರಕ್ಕೆ ಸರಾಸರಿ 40 ಪುಟ, ಆದರೆ ಒಮ್ಮೆ ಗುರಿ 20ಕ್ಕೆ ಇಳಿದದ್ದುಂಟು, ಇನ್ನೊಮ್ಮೆ 112ಕ್ಕೆ ಏರಿದ್ದುಂಟು. ಅಂದರೆ ಗುರಿ ಬದುಕಿನ ಜೊತೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಒಂದು ರಾತ್ರಿ ತಪ್ಪಿದ್ದಕ್ಕೆ ಸೊನ್ನೆಗೆ ಬೀಳುತ್ತಿರಲಿಲ್ಲ.

ಟ್ರಾಲಪ್‌ನನ್ನು ಪೂಜೆ ಮಾಡಬೇಕಾಗಿಯೂ ಇಲ್ಲ. ಅವನನ್ನು ಎಬ್ಬಿಸಿ ಕಾಫಿ ತಂದುಕೊಡಲು ಒಬ್ಬ ಮುದಿ ಆಳು ಇದ್ದ, ಅದಕ್ಕೆಂದೇ ವರ್ಷಕ್ಕೆ ಐದು ಪೌಂಡ್ ಹೆಚ್ಚು ಕೊಡುತ್ತಿದ್ದ. ರೈಲಿನಲ್ಲಿ ಪೆನ್ಸಿಲಿನಿಂದ ಗೀಚಿದ್ದನ್ನು ಹೆಂಡತಿ ಕೂತು ಪ್ರತಿ ಮಾಡುತ್ತಿದ್ದಳು. ಬೆಳಿಗ್ಗೆ ಐದೂವರೆಗೆ ಕುಕ್ಕರ್ ಇಟ್ಟು, ಮಗುವಿನ ಡಬ್ಬಿ ಕಟ್ಟಿ, ಒಂಬತ್ತಕ್ಕೆ ಲಾಗಿನ್ ಆಗುವ ಹೆಣ್ಣುಮಗಳಿಗೆ ಅವನ ವೇಳಾಪಟ್ಟಿ ಕೊಟ್ಟು ಹೀಗೆ ಮಾಡಮ್ಮಾ ಅನ್ನುವುದು ಅನ್ಯಾಯ. ಶಿಸ್ತಿನ ಪುಸ್ತಕಗಳು ಈ ಕಾಫಿ ತಂದುಕೊಡುವವರ ಬಗ್ಗೆ ಇನ್ನಷ್ಟು ಮಾತಾಡಬೇಕಿತ್ತು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತಾಪತ್ರಯ ಇದೆ. ಪದ ಎಣಿಸುವ ಗುರಿ ಇಂಗ್ಲಿಷಿನ ಅಳತೆಗೆ ಹೊಲಿದದ್ದು. 'ಹೋಗಬೇಕೆಂದುಕೊಂಡಿದ್ದೇನೆ' ಅಂತ ಬರೆದರೆ ಕಂಪ್ಯೂಟರಿಗೆ ಅದು ಒಂದೇ ಪದ. 'ಹೋಗಬೇಕು ಎಂದು ಅಂದುಕೊಂಡಿದ್ದೇನೆ' ಅಂದರೆ ಮೂರು. ಅರ್ಥ ಅಷ್ಟೇ, ಲೆಕ್ಕ ಮೂರು ಪಟ್ಟು. ದಿನಕ್ಕೆ 250 ಪದ ಅಂತ ಹಟಕ್ಕೆ ಬಿದ್ದವರು ತಮಗೇ ಗೊತ್ತಿಲ್ಲದೆ ವಾಕ್ಯವನ್ನು ಬಿಡಿಸಿ ಬಿಡಿಸಿ ಹರಡತೊಡಗುತ್ತಾರೆ. ಗೆಳೆಯರು ಓದಲು ಕೊಟ್ಟ ಎಷ್ಟೋ ಬರಹಗಳಲ್ಲಿ ಇದನ್ನು ಕಂಡಿದ್ದೇನೆ. ಹಾಗಾಗಿ ಕನ್ನಡಕ್ಕೆ ನಿಮಿಷದ ಗುರಿ ವಾಸಿ, ಪದದ ಗುರಿ ಬೇಡ.

ಎಣಿಕೆಯೇ ಮುಖ್ಯವಾದ ಬರವಣಿಗೆ ನಮ್ಮ ಮನೆಗಳಲ್ಲೂ ಇದೆ. ರಾಮಕೋಟಿ ಬರೆಯುವ ಅಜ್ಜಿಯರನ್ನು ನೆನಪು ಮಾಡಿಕೊಳ್ಳಿ. ದಿನಕ್ಕೆ ಸಾವಿರ ಸಲ ಬರೆದರೂ ಕೋಟಿ ಮುಟ್ಟಲು 10,000 ದಿನ, ಅಂದರೆ 27 ವರ್ಷಕ್ಕೂ ಹೆಚ್ಚು. ಯಾವ ಆ್ಯಪ್ ಕೂಡ ಅಂಥ ಶಿಸ್ತು ಕಲಿಸಲಾರದು. ಅಲ್ಲಿ ನಿನ್ನೆಯ ಸಾಲನ್ನು ಇವತ್ತು ತಿದ್ದುವ ಪ್ರಶ್ನೆಯೇ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ, ಅದು ಜಪ. ಕಥೆಗೋ ಪ್ರಬಂಧಕ್ಕೋ ಕೂತವರ ಕೆಲಸ ಬೇರೆ. ನಿನ್ನೆಯದನ್ನು ಓದಿ, ಅಯ್ಯೋ ಇದು ಸುಳ್ಳು ಅಂತ ಹೊಡೆದುಹಾಕಿ, ಇನ್ನೊಂದು ಬರೆಯುವುದೇ ಆ ಕೆಲಸ. ಹೊಡೆದುಹಾಕಿದ ದಿನ ಪದದ ಲೆಕ್ಕ ಕೆಳಗಿಳಿಯುತ್ತದೆ. ಆ್ಯಪ್‌ಗೆ ಅದು ಸೋತ ದಿನ. ನನ್ನ ಪ್ರಕಾರ ವಾರದಲ್ಲಿ ಎಲ್ಲಕ್ಕಿಂತ ಹೆಚ್ಚು ಬರೆದದ್ದು ಆವತ್ತೇ.

ಹಾಗಾದರೆ ಏನು ಮಾಡೋದು? ಗುರಿ ಚಿಕ್ಕದಾಗಿಯೇ ಇರಲಿ, ಆದರೆ ಅದು ಬೆಳೆಯುವ ದಿಕ್ಕು ಬದಲಾಗಲಿ. ಮೊದಲ ತಿಂಗಳು ಹತ್ತು ನಿಮಿಷ ಕೂರುವುದಷ್ಟೇ ಗುರಿ, ಒಂದು ವಾಕ್ಯ ಬಂದರೂ ಸೈ. ಎರಡನೇ ತಿಂಗಳು ಹೊತ್ತು ಅಷ್ಟೇ ಇರಲಿ, ಮೊದಲ ಐದು ನಿಮಿಷ ನಿನ್ನೆಯದನ್ನು ಮೆಲ್ಲಗೆ ಬಾಯಿಬಿಟ್ಟು ಓದಿ, ಒಂದು ವಾಕ್ಯ ತಿದ್ದಿ, ಆಮೇಲೆ ಹೊಸದು. ಮೂರನೇ ತಿಂಗಳು ಹದಿನೈದು ನಿಮಿಷ ಮಾಡಿಕೊಳ್ಳಿ. ಲೆಕ್ಕ ವಾರಕ್ಕೆ ಇಡಿ, ಏಳರಲ್ಲಿ ಐದು ದಿನ ಕೂತರೆ ಆ ವಾರ ಪಾಸು. ನಾನು ಇದನ್ನೇ ಮಾಡುತ್ತಿದ್ದೇನೆ. ಬರೆಯುವುದೇನೂ ಸುಲಭವಾಗಿಲ್ಲ, ನಿನ್ನೆಯ ವಾಕ್ಯ ಎಲ್ಲಿ ಹದಗೆಟ್ಟಿದೆ ಅಂತ ಮೊದಲಿಗಿಂತ ಬೇಗ ಕಾಣಿಸುತ್ತದೆ, ಅಷ್ಟೇ.

ಕ್ಲಿಯರ್, ಫಾಗ್ ಇಬ್ಬರನ್ನೂ ಓದಿ, ಬೇಡ ಅನ್ನುವುದಿಲ್ಲ. ಕುರ್ಚಿಯವರೆಗೆ ಕರೆದುಕೊಂಡು ಹೋಗುವುದಕ್ಕೆ ಅವರಷ್ಟು ಒಳ್ಳೆಯ ಜೊತೆ ಸಿಗುವುದಿಲ್ಲ. ಕೂತ ಮೇಲೆ ಮಾತ್ರ ಫೋನನ್ನು ಬೋರಲು ಹಾಕಿ, ನಿನ್ನೆಯ ಪುಟ ತೆಗೆಯಿರಿ.